ಜೊಂಡು, ಗಟಾರು, ನೈಟ್ರೇಟ್: ಹೊಳೆಆಲೂರಿನ ದಂಡೆಯಿಂದ ಒಂದು ಇತಿಹಾಸ

ಬಸ್ಸಿನಾಗ ಕುಂತಿರಲಿ, ಹೊಲದಾಗ ನಿಂತಿರಲಿ, ಇಯರ್‌ಫೋನ್ ಕಿವಿಗೆ ಏರಿಸ್ಕೊಳ್ರಿ. ಇವತ್ತಿನ ಕಥೆ ಪ್ಯಾರಿಸ್, ಬೆಂಗಳೂರು, ಜರ್ಮನಿ ಎಲ್ಲ ಸುತ್ತಿ ಬರುತ್ತೆ. ಆದರೆ ಶುರುವಾಗೋದು ಹೊಳೆಆಲೂರಿನಲ್ಲಿ, ನಮ್ಮ ಅಕ್ಕನ ಅಡುಗೆಮನೆಯಿಂದ.

ಹೊಳೆಆಲೂರು ಗೊತ್ತಲ್ಲ? ಗದಗದಿಂದ ಬಾದಾಮಿ ಕಡೆ ರೈಲಿನಲ್ಲಿ ಹೋದರೆ ದಾರಿಯಲ್ಲಿ ಸಿಗೋ ಸ್ಟೇಷನ್. ರೋಣ ತಾಲ್ಲೂಕು, ಮಲಪ್ರಭೆಯ ದಂಡೆ. ಊರಿನ ಹೆಸರಲ್ಲೇ ಹೊಳೆ ಇದೆ. ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದೇವೆ. ಹೋದ ವರ್ಷ ಅವಳಿಗೆ ಮಗಳು ಹುಟ್ಟಿದಳು. ಎದೆಹಾಲು ಸಾಲುತ್ತಿರಲಿಲ್ಲ, ಡಾಕ್ಟರು ಪುಡಿ ಹಾಲು ಬರೆದುಕೊಟ್ಟರು. ಅಲ್ಲಿದ್ದ ನರ್ಸಮ್ಮ ಹೊರಡುವಾಗ ಒಂದು ಮಾತು ಹೇಳಿದರಂತೆ: "ಬೋರಿನ ನೀರಾಗ ಕಲಸಬ್ಯಾಡವಾ. ಕುದಿಸಿದ್ರೂ ಬ್ಯಾಡ."

ರಾತ್ರಿ ಅಕ್ಕ ಫೋನ್ ಮಾಡಿದಳು. "ಕುದಿಸಿದ್ರ ಎಲ್ಲಾ ಸಾಯತಾವು ಅಂತಾರಲ್ಲೋ ತಮ್ಮಾ, ಮತ್ಯಾಕ ಬ್ಯಾಡ ಅಂದ್ರು?"

ನನಗೂ ಗೊತ್ತಿರಲಿಲ್ಲ. ಧಾರವಾಡದ ಗೆಳೆಯನೊಬ್ಬ ನೀರು ಪರೀಕ್ಷೆಯ ಪಟ್ಟಿ ಕೊಟ್ಟ, ಕಾಗದದ ಸಣ್ಣ ಪಟ್ಟಿ, ನೀರಲ್ಲಿ ಅದ್ದಿದರೆ ಬಣ್ಣ ತಿರುಗುತ್ತೆ. ಅಕ್ಕನ ಮನೆಯ ಬೋರ್ ನೀರಿನಲ್ಲಿ ಅದ್ದಿದೆ. ಒಂದು ನಿಮಿಷದಲ್ಲಿ ಗುಲಾಬಿ, ಆಮೇಲೆ ಗಾಢ ಗುಲಾಬಿ. ನೀರು ನೋಡಿದರೆ ಕನ್ನಡಿಯಂಗ ತಿಳಿ. ವಾಸನೆ ಇಲ್ಲ, ರುಚಿಯಲ್ಲಿ ಫರಕು ಇಲ್ಲ.

ಆ ಗುಲಾಬಿ ಬಣ್ಣದ ಹೆಸರು ನೈಟ್ರೇಟ್. ಒಂದು ಭಾಗ ಸಾರಜನಕ, ಅಂದರೆ ನೈಟ್ರೋಜನ್, ಮೂರು ಭಾಗ ಆಮ್ಲಜನಕ. ಅದು ಜೀವಾಣು ಅಲ್ಲ, ಉಪ್ಪು. ಅದಕ್ಕೇ ಕುದಿಸಿದರೆ ಸಾಯೋದಿಲ್ಲ. ಉಲ್ಟಾ, ನೀರು ಆವಿಯಾಗಿ ಕಮ್ಮಿ ಆದಷ್ಟೂ ಉಳಿದ ನೀರಲ್ಲಿ ಗಟ್ಟಿಯಾಗುತ್ತೆ. ಎಳೆ ಕೂಸಿನ ಹೊಟ್ಟೆಯಲ್ಲಿ ಇದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಕೈ ಕಟ್ಟಿಹಾಕುತ್ತೆ. ತುಟಿ, ಉಗುರು ನೀಲಿ ಬಣ್ಣಕ್ಕೆ ತಿರುಗುತ್ತವೆ. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಮೊದಲ ಸಲ ಇದನ್ನು ಹಳ್ಳಿಯ ಬಾವಿ ನೀರಿಗೆ ಜೋಡಿಸಿ ಬರೆದ. ಅಲ್ಲೂ ಇದೇ ಕಥೆ: ಹೊಲದ ಮನೆ, ಪುಡಿ ಹಾಲು, ಬಾವಿ ನೀರು, ನೀಲಿಯಾದ ಕೂಸು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿ 2024ರ ಕೊನೆಗೆ ಕೊಟ್ಟ ವರದಿಯಲ್ಲಿ ಕರ್ನಾಟಕದಿಂದ ತೆಗೆದ ಮಾದರಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಈ ಮಿತಿ ದಾಟಿದ್ದವು. ರಾಜಸ್ಥಾನದ ನಂತರ ನಾವೇ.

"ಹಂಗಾದ್ರ ಆರ್‌ಓ ಐತಲ್ಲ" ಅಂತೀರಿ. ಹೌದು, ಊರಿನ ಶುದ್ಧ ನೀರಿನ ಘಟಕದ ಕ್ಯಾನು ತಂದು ಅಕ್ಕ ಕೂಸಿಗೆ ಹಾಲು ಕಲಸಿದಳು, ಕೂಸು ಆರಾಮಾಗಿದೆ. ಆದರೆ ಆರ್‌ಓ ಯಂತ್ರ ನೈಟ್ರೇಟನ್ನು ನಾಶ ಮಾಡೋದಿಲ್ಲ, ಒಂದು ಕಡೆಯಿಂದ ತೆಗೆದು ಇನ್ನೊಂದು ಪೈಪಿಗೆ ದಾಟಿಸುತ್ತೆ. ಆ ಇನ್ನೊಂದು ಪೈಪಿನ ನೀರು ಗಟಾರಿಗೆ ಹೋಗುತ್ತೆ. ಗಟಾರು ಹಳ್ಳಕ್ಕೆ, ಹಳ್ಳ ಹೊಳೆಗೆ. ಇಲ್ಲಿಂದ ನನಗೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ನೈಟ್ರೇಟನ್ನು ನಿಜವಾಗಿಯೂ ಇಲ್ಲವಾಗಿಸೋದು ಯಾರು?

ಉತ್ತರ ಹುಡುಕೋಕೆ ಹೊರಟಾಗ ಮೊದಲು ಸಿಕ್ಕಿದ್ದು ಆಶ್ಚರ್ಯ. ಇನ್ನೂರು ವರ್ಷದ ಹಿಂದೆ ಜನ ನೈಟ್ರೇಟನ್ನು ತೆಗೆದುಹಾಕೋಕೆ ಅಲ್ಲ, ಸಿಗೋಕೆ ಒದ್ದಾಡುತ್ತಿದ್ದರು. ನಮ್ಮಲ್ಲಿ ಅದಕ್ಕೆ ಹೆಸರು ಪೆಟ್ಲುಪ್ಪು. ದನ ಕಟ್ಟುವ ಜಾಗ, ಹಳೆ ಮನೆಯ ಗೋಡೆಯ ಬುಡ, ಹಾಳೂರಿನ ಮಣ್ಣು, ಇಲ್ಲೆಲ್ಲ ಗಂಜಲ ಇಂಗಿ, ಒಣಗಿ, ಬಿಳೀ ಪುಡಿಯಂತೆ ಮೇಲೆ ಬರುತ್ತಿತ್ತು. ಆ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕಾಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ಮದ್ದಿನಲ್ಲಿ, ಅಂದರೆ ತೋಪಿನ ಮದ್ದಿನಲ್ಲಿ, ಸುಮಾರು ಮುಕ್ಕಾಲು ಭಾಗ ಅದೇ. 1785ರಲ್ಲಿ ಟಿಪ್ಪುವಿನ ಸೈನ್ಯ ನಮ್ಮ ನರಗುಂದದ ಕೋಟೆಗೆ ಮುತ್ತಿಗೆ ಹಾಕಿದಾಗ ಗುಡ್ಡದ ಮೇಲಿಂದ ಹಾರಿದ್ದೂ ಕೆಳಗಿಂದ ಹಾರಿದ್ದೂ, ಲೆಕ್ಕ ಹಾಕಿದರೆ, ಬಹುಪಾಲು ಯಾವುದೋ ಊರಿನ ದನದ ಗಂಜಲವೇ. ನಗಬ್ಯಾಡ್ರಿ, ನಿಜ.

ಆದರೆ ಗಂಜಲ ಹೇಗೆ ಪೆಟ್ಲುಪ್ಪು ಆಗುತ್ತೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಅದು ತಾನಾಗೇ ಆಗೋ ರಸಾಯನಕ್ರಿಯೆ ಅಂತ ನಂಬಿದ್ದರು.

1877ರಲ್ಲಿ ಫ್ರಾನ್ಸಿನ ಇಬ್ಬರು, ಶ್ಲೋಸಿಂಗ್ ಮತ್ತು ಮ್ಯುಂಟ್ಸ್, ಒಂದು ಉದ್ದ ಕೊಳವೆಯಲ್ಲಿ ಉಸುಕು ಮತ್ತು ಸುಣ್ಣಕಲ್ಲು ತುಂಬಿ ಮೇಲಿಂದ ಗಟಾರಿನ ನೀರನ್ನು ಹನಿಹನಿಯಾಗಿ ಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹೋದ ಅಮೋನಿಯಾ ಕೆಳಗೂ ಅಮೋನಿಯಾ ಆಗಿಯೇ ಬಂತು. ಆಮೇಲೆ ನೈಟ್ರೇಟ್ ಬರೋಕೆ ಶುರುವಾಯ್ತು. ಬರೀ ರಸಾಯನಕ್ರಿಯೆ ಆಗಿದ್ದರೆ ಇಪ್ಪತ್ತು ದಿನ ಕಾಯೋದು ಯಾಕೆ? ಅವರು ಕೊಳವೆಗೆ ಕ್ಲೋರೋಫಾರಂ ಹಾಯಿಸಿದರು. ನೈಟ್ರೇಟ್ ನಿಂತಿತು. ಕ್ಲೋರೋಫಾರಂ ತೆಗೆದು, ಒಂದಿಷ್ಟು ಹೊಲದ ಮಣ್ಣಿನ ನೀರು ಹಾಕಿದರು. ಮತ್ತೆ ಶುರುವಾಯ್ತು. ಅಲ್ಲಿಗೆ ತಿಳೀತು, ಕೆಲಸ ಮಾಡ್ತಿರೋದು ಜೀವ ಇರೋದು, ಮಣ್ಣಿನಲ್ಲಿರೋದು, ಉಸಿರಾಡೋದು.

ಇದು ಅರ್ಧ ಕಥೆ. ಉಳಿದ ಅರ್ಧ 1880ರ ದಶಕದಲ್ಲಿ ಬೋರ್ಡೋ ಊರಿನ ಗಯಾನ್ ಮತ್ತು ದ್ಯುಪೆತಿ ಅನ್ನೋರಿಂದ ಬಂತು. ಗಾಳಿ ಸಿಗದ ಜಾಗದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಡುತ್ತವೆ ಅಂತ ಅವರು ತೋರಿಸಿದರು. ಉಸಿರಿಗೆ ಬೇಕಾದ ಆಮ್ಲಜನಕವನ್ನು ನೈಟ್ರೇಟಿನಿಂದ ಕಿತ್ತುಕೊಂಡು, ಉಳಿದ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಗುಳ್ಳೆಯಾಗಿ ಮೇಲೆ ಬಂದು ಗಾಳಿಗೆ ಸೇರುತ್ತೆ. ನಾವು ಉಸಿರಾಡೋ ಗಾಳಿಯಲ್ಲಿ 78 ಪಾಲು ಅದೇ ಇದೆ, ಯಾರಿಗೂ ತೊಂದರೆ ಇಲ್ಲ. ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತೆ, ಅದು ಹವಾಮಾನಕ್ಕೆ ಕೆಟ್ಟದ್ದು. ಇರಲಿ.

ಈಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನೈಟ್ರೇಟನ್ನು ಇಲ್ಲವಾಗಿಸೋದು ಕೆಸರಿನ ತಳದ ಬ್ಯಾಕ್ಟೀರಿಯಾ. ಅದಕ್ಕೆ ಮೂರು ಷರತ್ತು. ಗಾಳಿ ಇರಬಾರದು. ತಿನ್ನೋಕೆ ಇಂಗಾಲ, ಅಂದರೆ ಕೊಳೆಯೋ ಹುಲ್ಲು-ಎಲೆ, ಇರಬೇಕು. ಮತ್ತೆ ಟೈಮ್ ಬೇಕು, ನೀರು ಅವಸರ ಮಾಡಬಾರದು.

ಇನ್ನು ಬೆಂಗಳೂರಿಗೆ ಬರೋಣ, 1916ಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಮ್ಯಾಂಚೆಸ್ಟರಿನಿಂದ ಗಿಲ್ಬರ್ಟ್ ಫೌಲರ್ ಅನ್ನೋ ಪ್ರೊಫೆಸರ್ ಬಂದರು. ಗಟಾರು ನೀರಿನ ವಿಷಯದಲ್ಲಿ ಆಗ ಜಗತ್ತಿನ ದೊಡ್ಡ ತಲೆಗಳಲ್ಲಿ ಒಬ್ಬರು. ಗಟಾರು ನೀರಿಗೆ ಗಾಳಿ ಊದಿ, ಅದರ ಕೆಸರನ್ನೇ ಮತ್ತೆ ಮತ್ತೆ ಬಳಸಿ ಶುದ್ಧ ಮಾಡುವ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಮಂಡಿಸಿದರಲ್ಲ, ಅದರ ಹಿಂದಿನ ಪ್ರೇರಣೆ ಇವರೇ. ಇವತ್ತು ನಿಮ್ಮ ಹತ್ತಿರದ ದೊಡ್ಡ ಊರಲ್ಲಿ ಇರೋ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ಬಹುತೇಕ ಅದರ ಮೊಮ್ಮಗ. ಫೌಲರ್ 1924ರವರೆಗೆ ಆ ಸಂಸ್ಥೆಯಲ್ಲಿದ್ದರು. 1934ರಲ್ಲಿ ಅವರು ಬರೆದ ಪುಸ್ತಕದ ವಿಷಯ ಸಾರಜನಕವನ್ನು ಉಳಿಸೋದು. ಗಮನಿಸಿ, ತೆಗೆಯೋದು ಅಲ್ಲ, ಉಳಿಸೋದು. ಗಟಾರಿಗೆ ಹೋಗೋ ಸಾರಜನಕ ಹೊಲಕ್ಕೆ ಸಲ್ಲಬೇಕಾದ ಸಂಪತ್ತು ಅನ್ನೋದು ಅವರ ನಿಲುವು. ಯೂರಿಯಾ ಮೂಟೆ ಸೊಸೈಟಿಯಲ್ಲಿ ಸಿಗದ ಕಾಲದ ಮಾತು ಅದು.

ಇದನ್ನು ಯಾಕೆ ಹೇಳಿದೆ ಅಂದರೆ, ಹುಬ್ಬಳ್ಳಿಯ ರೈತರು ಫೌಲರ್ ಹೆಸರು ಕೇಳದೇ ಅದೇ ಲೆಕ್ಕ ಹಾಕಿದ್ದರು.

ಹುಬ್ಬಳ್ಳಿಗೂ ಹೊಳೆಆಲೂರಿಗೂ ಏನು ಸಂಬಂಧ ಅಂತೀರಾ? ಬೆಣ್ಣಿಹಳ್ಳ. ಶಿಗ್ಗಾಂವ ಕಡೆ ಹುಟ್ಟಿ, ಹುಬ್ಬಳ್ಳಿಯ ಪೂರ್ವಕ್ಕೆ ಹಾದು, ನವಲಗುಂದದ ಎರೆಹೊಲಗಳನ್ನು ಸೀಳಿಕೊಂಡು ಬಂದು ರೋಣ ತಾಲ್ಲೂಕಿನ ಮೆಣಸಗಿ ಬದಿಗೆ ಮಲಪ್ರಭೆಗೆ ಸೇರುತ್ತೆ. ಅದಕ್ಕೆ ಸೇರೋ ಇನ್ನೊಂದು ಹಳ್ಳದ ಹೆಸರು ತುಪ್ಪರಿಹಳ್ಳ. ಬೆಣ್ಣಿ ಮತ್ತು ತುಪ್ಪ! ಹೆಸರು ಇಟ್ಟವರ ಮನಸ್ಸಿನಲ್ಲಿ ಇದ್ದದ್ದು ಏನೋ, ಇವತ್ತು ಬೆಣ್ಣಿಹಳ್ಳದಲ್ಲಿ ಬರೋದು ಹುಬ್ಬಳ್ಳಿಯ ಪಾಯಖಾನೆ, ಬಚ್ಚಲು, ಅಂಗಡಿ, ಗ್ಯಾರೇಜುಗಳ ನೀರು.

ಹುಬ್ಬಳ್ಳಿಯ ನಾಲಾ ಊರು ದಾಟಿ ಬಿಡನಾಳ, ಗಬ್ಬೂರ ಕಡೆ ಹರಿಯುತ್ತೆ. ಅಲ್ಲಿನ ರೈತರು ನಾಲಾಕ್ಕೆ ಪಂಪು ಇಟ್ಟು ಆ ನೀರನ್ನೇ ಹೊಲಕ್ಕೆ ಎತ್ತಿಕೊಂಡರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹುನಶಾಳ ಅವರು, ಬ್ರಿಟನ್ನಿನ ಬ್ರಾಡ್‌ಫೋರ್ಡ್ ಮತ್ತು ಬ್ರುಕ್ ಅವರ ಜೊತೆ ಸೇರಿ 2003ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಚಿತ್ರ ಎರಡೂ ಬಗೆಯದು. ವರ್ಷವಿಡೀ ನೀರು, ಗೊಬ್ಬರದ ಖರ್ಚು ಕಮ್ಮಿ, ತರಕಾರಿ ತೆಗೆದು ಪೇಟೆಗೆ ಒಯ್ದರೆ ಕೈಯಲ್ಲಿ ರೊಕ್ಕ. ಅದರ ಜೊತೆಗೇ ಕಳೆ, ಹುಳ, ಬರಿಗಾಲಲ್ಲಿ ಕೊಳಚೆಯಲ್ಲಿ ನಿಂತು ಕೆಲಸ ಮಾಡೋರ ಆರೋಗ್ಯ. ನಾನು ಈ ರೈತರನ್ನು ಬೈಯೋನಲ್ಲ. ಮಳೆ ನಂಬಿ ಕುಂತವನ ಮುಂದೆ ಗೊಬ್ಬರ ಕಲಸಿದ ನೀರು ಪುಕ್ಕಟೆ ಹರಿದು ಹೋಗ್ತಿದ್ದರೆ ಯಾರು ಬಿಡ್ತಾರೆ? ಫೌಲರ್ ಬಂದಿದ್ದರೆ ಶಹಬ್ಬಾಸ್ ಅಂತಿದ್ದರೇನೋ.

ಆದರೆ ಪೈರು ಕುಡಿಯೋದಕ್ಕೆ ಒಂದು ಮಿತಿ ಇದೆ. ಪೈರು ಬಿಟ್ಟ ಸಾರಜನಕ ಮಣ್ಣಲ್ಲಿ ನೈಟ್ರೇಟ್ ಆಗುತ್ತೆ. ಶ್ಲೋಸಿಂಗನ ಕೊಳವೆ ನೆನಪಿದೆಯಲ್ಲ? ಉಸುಕಿನ ಬದಲು ಹೊಲ, ಅಷ್ಟೇ. ನೈಟ್ರೇಟ್ ಮಣ್ಣಿಗೆ ಅಂಟೋದಿಲ್ಲ, ನೀರಿನ ಜೊತೆ ಕೆಳಗೆ ಇಳಿಯುತ್ತೆ, ಬೋರಿಗೆ ಸೇರುತ್ತೆ. ಅಂದಹಾಗೆ, ಅಕ್ಕನ ಮನೆ ಬೋರಿನ ನೈಟ್ರೇಟ್ ಹುಬ್ಬಳ್ಳಿಯಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಹಿತ್ತಲ ತಿಪ್ಪೆ, ಶೌಚದ ಗುಂಡಿ, ಹೊಲದ ಯೂರಿಯಾ, ಯಾವುದೂ ಆಗಿರಬಹುದು. ಪಟ್ಟಿಯ ಬಣ್ಣ ಊರ ಹೆಸರು ಹೇಳೋದಿಲ್ಲ.

ಸರಿ, ಈಗ ಜೊಂಡಿನ ಸರದಿ. ಕೆರೆ ಅಂಚಲ್ಲಿ, ನಾಲಾದ ಬದಿಗೆ, ಕತ್ತಿಯಂಥ ಎಲೆ ಮತ್ತು ಕಂದು ಬಣ್ಣದ ಸಾಸೇಜಿನಂಥ ತೆನೆ ಇರೋ ಗಿಡ ನೋಡಿದ್ದೀರಿ. ಹಳಬರು ಆಪು ಅಂತಾರೆ, ಪುಸ್ತಕದಲ್ಲಿ ಟೈಫಾ. ಅದು ಬೆಳೆದಲ್ಲಿ ಕೊಳಚೆ ಇದೆ ಅಂತ ನಾವು ಮೂಗು ಮುಚ್ಚಿಕೊಂಡು ಹೋಗ್ತೀವಿ. ಜರ್ಮನಿಯ ಕೇಟೆ ಸೈಡಲ್ ಅನ್ನೋ ಸಸ್ಯವಿಜ್ಞಾನಿ ಮೂಗು ಮುಚ್ಚಲಿಲ್ಲ. 1950ರ ದಶಕದಲ್ಲಿ ಪ್ಲ್ಯೋನ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅವರು ಜೊಂಡಿನ ಜಾತಿಯ ಗಿಡಗಳನ್ನು ಕೊಳಚೆ ನೀರಲ್ಲಿ, ಫೀನಾಲ್‌ನಂಥ ವಿಷ ಬೆರೆಸಿದ ನೀರಲ್ಲಿ ಬೆಳೆಸಿ ನೋಡಿದರು. ಗಟಾರು ನೀರಲ್ಲಿ ಗಿಡ ಬದುಕೋದು ಕಷ್ಟ ಅನ್ನೋದು ಆಗಿನ ತಿಳಿವಳಿಕೆ. ಗಿಡ ಬದುಕಿತು, ನೀರೂ ತಿಳಿಯಾಯ್ತು. ಎಂಜಿನಿಯರುಗಳು ನಂಬೋಕೆ ವರ್ಷಗಳೇ ಬೇಕಾದವು. ಕಾಂಕ್ರೀಟು, ಮೋಟಾರು ಬಿಟ್ಟು ಹುಲ್ಲು ಅಂದರೆ ಯಾರು ಕೇಳ್ತಾರೆ?

1967ರಲ್ಲಿ ನೆದರ್ಲೆಂಡ್ಸ್ ದೇಶದವರು ಸಮುದ್ರದಿಂದ ಗಳಿಸಿದ ಫ್ಲೆವೋಲ್ಯಾಂಡ್ ನೆಲದಲ್ಲಿ, ಒಂದು ರಜಾ ಶಿಬಿರದ ಕೊಳಚೆ ನೀರಿಗಾಗಿ ನಕ್ಷತ್ರದ ಆಕಾರದ ಜೊಂಡಿನ ಹೊಂಡ ಮಾಡಿದರು. ಒಂದು ಹೆಕ್ಟೇರ್ ನೆಲ, ದಿನಕ್ಕೆ 6000 ಜನರ ನೀರು. ಇಂಥದ್ದಕ್ಕೆ ಈಗ ನಿರ್ಮಿತ ಜೌಗು ಅಂತಾರೆ. ಅಂದರೆ ನಿಸರ್ಗದ ಜೌಗು ನೆಲ ಮಾಡೋ ಕೆಲಸವನ್ನು ಲೆಕ್ಕ ಹಾಕಿ, ಕಟ್ಟೆ ಕಟ್ಟಿ, ಜಲ್ಲಿ ತುಂಬಿ, ಗಿಡ ನೆಟ್ಟು ಮಾಡಿಸೋದು. 1990ರ ದಶಕದ ಕೊನೆಗೆ ಉಜ್ಜಯಿನಿಯಲ್ಲಿ ವಿಕ್ರಮ್ ವಿಶ್ವವಿದ್ಯಾಲಯದ ಬಿಲ್ಲೋರೆ ಮತ್ತು ಜೊತೆಗಾರರು ಜಲ್ಲಿ ತುಂಬಿದ ಹೊಂಡದಲ್ಲಿ ನಮ್ಮ ನೆಲದ್ದೇ ಎತ್ತರದ ಹುಲ್ಲು ನೆಟ್ಟು ಇದು ಬಿಸಿಲು ಸೀಮೆಯಲ್ಲೂ ನಡೆಯುತ್ತೆ ಅಂತ ತೋರಿಸಿದರು. ಬೆಂಗಳೂರಿನ ಜಕ್ಕೂರು ಕೆರೆಗೆ ಹೋದರೆ ಕಣ್ಣಾರೆ ನೋಡಬಹುದು. ದಿನಕ್ಕೆ ಒಂದು ಕೋಟಿ ಲೀಟರ್ ಲೆಕ್ಕದಲ್ಲಿ ಕಟ್ಟಿದ ಜಲಮಂಡಳಿಯ ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳೋದಿಲ್ಲ, ಮೊದಲು ಜೊಂಡು ತುಂಬಿದ ಜೌಗಿನಲ್ಲಿ ಹಾದು ಹೋಗುತ್ತೆ. ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅದನ್ನು ಅಳೆದು, ಬೇರೆ ಕೆರೆಗಳಿಗೂ ಇದೇ ಮಾದರಿ ಆಗಲಿ ಅಂತ ವಾದಿಸುತ್ತಾ ಬಂದಿದೆ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡ್ತಾರೆ, ನಾನೂ ಮಾಡಿದ್ದೆ. ಜೊಂಡು ನೈಟ್ರೇಟನ್ನು ಹೀರಿಕೊಂಡು ನೀರನ್ನು ತೊಳೆಯುತ್ತೆ ಅಂತ. ಹೀರುತ್ತೆ, ಖರೆ. ಆದರೆ ಕೊಳಚೆ ನೀರಿನ ಸಾರಜನಕದಲ್ಲಿ ಗಿಡ ಹೀರೋದು ಸಾಮಾನ್ಯವಾಗಿ ಸಣ್ಣ ಪಾಲು. ಅದೂ ಗಿಡವನ್ನು ಕೊಯ್ದು ಹೊರಗೆ ಒಯ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಅಲ್ಲೇ ಒಣಗಿ ಬಿದ್ದರೆ ಹೀರಿದ್ದು ವಾಪಸ್ ನೀರಿಗೆ.

ಜೊಂಡಿನ ನಿಜವಾದ ಕೆಲಸ ಮನೆ ಕಟ್ಟಿಕೊಡೋದು. ಅದರ ಕಾಂಡ, ಬೇರಿನ ಒಳಗೆ ಗಾಳಿ ಓಡಾಡೋ ಟೊಳ್ಳು ಇದೆ. ಎಲೆಯಿಂದ ಇಳಿದ ಗಾಳಿ ಬೇರಿನ ಸುತ್ತ ಕೂದಲೆಳೆಯಷ್ಟು ದಪ್ಪದ ಪದರ ಮಾಡುತ್ತೆ. ಆ ಪದರದಲ್ಲಿ ಶ್ಲೋಸಿಂಗನ ಬ್ಯಾಕ್ಟೀರಿಯಾ ಕೂತು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತೆ. ಅದರಾಚೆ, ಗಾಳಿ ಮುಟ್ಟದ ಕಪ್ಪು ಕೆಸರಿನಲ್ಲಿ, ಬೋರ್ಡೋದವರ ಬ್ಯಾಕ್ಟೀರಿಯಾ ಕೂತು ಆ ನೈಟ್ರೇಟನ್ನು ಗಾಳಿ ಮಾಡಿ ಬಿಡುತ್ತೆ. ಒಂದೇ ಬೇರಿನ ಪಕ್ಕ ಎರಡು ಬಾಡಿಗೆ ಮನೆ. ಬೇರು ಕೊಡೋ ಗಾಳಿ ದೊಡ್ಡ ಪ್ರಮಾಣದ ಅಮೋನಿಯಾಕ್ಕೆ ಸಾಲೋದಿಲ್ಲ, ಅದಕ್ಕೇ ಈಗಿನವರು ಎರಡು ಹೊಂಡ ಮಾಡ್ತಾರೆ. ಮೊದಲನೆಯದರಲ್ಲಿ ನೀರು ಮೇಲಿಂದ ಕೆಳಗೆ ಜಲ್ಲಿಯಲ್ಲಿ ಸೋರುತ್ತಾ ಗಾಳಿ ಎಳೆದುಕೊಳ್ಳುತ್ತೆ. ಎರಡನೆಯದರಲ್ಲಿ ನೀರು ತುಂಬಿ ನಿಂತು, ನಿಧಾನ ಅಡ್ಡಕ್ಕೆ ಸರಿಯುತ್ತೆ.

ಇನ್ನೊಂದು ನನಗೆ ಬಾಳ ಹಿಡಿಸಿದ ಸಂಗತಿ. ಎಸ್‌ಟಿಪಿಯಿಂದ ಬಂದ ನೀರಿನಲ್ಲಿ ನೈಟ್ರೇಟ್ ಇರುತ್ತೆ, ಆದರೆ ಬ್ಯಾಕ್ಟೀರಿಯಾಕ್ಕೆ ತಿನ್ನೋಕೆ ಇಂಗಾಲ ಉಳಿದಿರೋದಿಲ್ಲ, ಘಟಕ ಅದನ್ನು ಮೊದಲೇ ತಿಂದಿರುತ್ತೆ. ಆಗ ಜೊಂಡಿನ ಒಣಗಿ ಬಿದ್ದ, ಕೊಳೆತ ಎಲೆಯೇ ಊಟ. ಜೊಂಡು ಬದುಕಿದ್ದಾಗ ಮಾಡಿದ್ದಕ್ಕಿಂತ ಸತ್ತ ಮ್ಯಾಲೆ ಹೆಚ್ಚು ಕೆಲಸ ಮಾಡುತ್ತೆ. ಹಂಗಾದ್ರ ಕೊಯ್ಯಬೇಕೋ ಬಿಡಬೇಕೋ? ಎರಡೂ. ಹಸಿ ಗಟಾರು ನೀರಿನ ಹೊಂಡದಲ್ಲಿ ಕೊಯ್ಯಬೇಕು, ನೈಟ್ರೇಟ್ ತೆಗೆಯೋ ಹೊಂಡದಲ್ಲಿ ಒಂದಿಷ್ಟು ಬಿಡಬೇಕು.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಂದರೆ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಹೊಳೆಗೆ ಹೋಗಬೇಕು. ಮಳೆ ಇಲ್ಲದ ದಿನಗಳಲ್ಲಿ ಆ ಹೊಳೆಯಲ್ಲಿ ಹರಿಯೋದು ಬಹುಪಾಲು ಮೇಲಿನ ಊರುಗಳ ಶುದ್ಧೀಕರಿಸಿದ ಕೊಳಚೆ ನೀರೇ. ಕೆಳಗಿನ ಆರೆಂಜ್ ಕೌಂಟಿಯ ಜನ ಅದನ್ನು ನೆಲಕ್ಕೆ ಇಂಗಿಸಿ ಬಾವಿಯಿಂದ ಎತ್ತಿ ಕುಡೀತಾರೆ. ಅವರಿಗೆ ಚಿಂತೆ ನೈಟ್ರೇಟಿನದು. ಹಿಂದೆ ಬಾತುಕೋಳಿ ಬೇಟೆಗೆ ಮಾಡಿದ್ದ ಹೊಂಡಗಳನ್ನು 1990ರ ದಶಕದಲ್ಲಿ ತಿದ್ದಿ, ಸುಮಾರು 465 ಎಕರೆಯ ಜೌಗು ಮಾಡಿ, ಹೊಳೆಯ ಅರ್ಧದಷ್ಟು ನೀರನ್ನು ಅದರೊಳಗೆ ಹಾಯಿಸಿದರು. ಪ್ರಾಡೋ ಅಂತ ಅದರ ಹೆಸರು. ಅಲ್ಲಿ ಮೇಲಿನ ಊರಿನ ಗಟಾರು ಕೆಳಗಿನ ಊರಿನ ಕೊಡ. ಕೇಳಿದ ಕೂಡಲೇ ನನಗೆ ಹುಬ್ಬಳ್ಳಿ ಮತ್ತು ಹೊಳೆಆಲೂರು ನೆನಪಾದವು. ಫರಕು ಏನಂದರೆ, ಅಲ್ಲಿ ನೀರು ಘಟಕದಲ್ಲಿ ಶುದ್ಧವಾದ ಮೇಲೆ ಹೊಳೆಗೆ ಬರುತ್ತೆ.

ಒಂದು ಸಾದಾ ಲೆಕ್ಕ ಹಾಕಿದೆ. ನಮ್ಮಂಥ ಬಿಸಿ ಸೀಮೆಯಲ್ಲಿ ಒಬ್ಬ ಮನುಷ್ಯನ ಕೊಳಚೆ ನೀರಿಗೆ ಒಂದರಿಂದ ಎರಡು ಚದರ ಮೀಟರ್ ಜಲ್ಲಿಹೊಂಡ ಬೇಕು ಅಂತ ಇಟ್ಟುಕೊಳ್ಳಿ. ಬಿಸಿಲು ನಮ್ಮ ಪಾಲಿಗೆ ಇಲ್ಲಿ ವರ, ಬ್ಯಾಕ್ಟೀರಿಯಾ ಚುರುಕಾಗಿರುತ್ತೆ, ಯೂರೋಪಿನಲ್ಲಿ ಇದಕ್ಕಿಂತ ಹೆಚ್ಚು ಜಾಗ ಬೇಕು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನ 9.43 ಲಕ್ಷ. ಅಂದರೆ 230ರಿಂದ 465 ಎಕರೆ. ನೋಡ್ರಿ, ತಿರುಗಿ ಪ್ರಾಡೋದ ಲೆಕ್ಕಕ್ಕೇ ಬಂತು. ಹುಬ್ಬಳ್ಳಿ ಬೈಪಾಸ್ ಹತ್ತಿರ ಅಷ್ಟು ನೆಲ ಜೊಂಡಿಗೆ ಕೊಡ್ತೀನಿ ಅನ್ನೋ ಧಣಿ ಯಾರೂ ಸಿಗಲಿಕ್ಕಿಲ್ಲ. ಅದೇ ಐದು ಸಾವಿರ ಜನರ ಊರಿಗೆ? ಒಂದೂಕಾಲು ಎಕರೆಯಿಂದ ಎರಡೂವರೆ ಎಕರೆ. ಗಾಂವಠಾಣದ ಅಂಚಲ್ಲಿ ಅಷ್ಟು ಜಾಗ ಹುಡುಕಬಹುದು.

ನನ್ನ ಅಭಿಪ್ರಾಯ ಅದಕ್ಕೇ ಹಿಂಗೈತಿ. ಮಹಾನಗರಕ್ಕೆ ಎಸ್‌ಟಿಪಿ ಬೇಕೇ ಬೇಕು, ಜೌಗು ಅದರ ಬಾಲ ಆಗಿರಬೇಕು. ಹಳ್ಳಿಗೆ ಮಾತ್ರ ಜೌಗೇ ಘಟಕ ಆಗಬಹುದು. ಹಳ್ಳಿಗೆ ಕರೆಂಟ್ ಬೇಡುವ ಯಂತ್ರ ತಂದಿಟ್ಟು, ಮೋಟಾರು ಸುಟ್ಟ ದಿನದಿಂದ ಅದು ಪಾಳು ಬೀಳೋದನ್ನು ನಾವು ಸಾಕಷ್ಟು ನೋಡಿದ್ದೇವೆ.

ಆದರೆ ಹೊಳೆಆಲೂರಿನಲ್ಲಿ ಇದನ್ನು ಅಕ್ಕನ ಮಾವನವರ ಮುಂದೆ ಹೇಳಿದಾಗ ಅವರು ನಕ್ಕರು. ಕಟ್ಟೆ ಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೊಳ್ತಾ ಕೇಳಿದರು: "ಎಲ್ಲಿ ತೋಡ್ತೀಯಪಾ ನಿನ್ನ ಹೊಂಡಾ? ಹೊಳಿ ಬದಿಗಾ?"

ಅವರ ನಗುವಿಗೆ ಕಾರಣ ಇತ್ತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಆಮೇಲೆ 2019ರ ಆಗಸ್ಟ್. ಮಲಪ್ರಭೆ ಮತ್ತು ಬೆಣ್ಣಿಹಳ್ಳ ಕೂಡಿ ಊರೊಳಗೆ ಬಂದ ವರ್ಷಗಳು. ಬೇಸಿಗೆಯಲ್ಲಿ ಕೊಳಚೆಯ ಎಳೆಯಾಗಿ ಹರಿಯೋ ಬೆಣ್ಣಿಹಳ್ಳ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಹೊಲ ನುಂಗುತ್ತೆ. ತಗ್ಗಿನಲ್ಲಿ ಜಲ್ಲಿಹೊಂಡ ಮಾಡಿದರೆ ಒಂದು ನೆರೆಗೆ ಹೂಳು ತುಂಬಿ ಮುಗೀತು. ಪ್ರಾಡೋ ಜೌಗು ಇರೋದು ನೆರೆ ತಡೆಯೋಕೆ ಕಟ್ಟಿದ ಅಣೆಕಟ್ಟಿನ ಹಿಂದೆ ಅನ್ನೋದು ಆಮೇಲೆ ನನಗೆ ಹೊಳೀತು. ಇಲ್ಲಿ ಹೊಂಡ ಎತ್ತರದಲ್ಲಿರಬೇಕು. ಎತ್ತರಕ್ಕೆ ಗಟಾರು ತಾನಾಗಿ ಹತ್ತೋದಿಲ್ಲ, ಒಂದು ಪಂಪು ಬೇಕು. ನೆರೆಯ ನಂತರ ದಿಬ್ಬದ ಮೇಲೆ ಕಟ್ಟಿದ ನವಗ್ರಾಮಗಳಿಗೆ ಆ ತಾಪತ್ರಯ ಇಲ್ಲ, ಅಲ್ಲಿ ನೀರು ತಾನೇ ಇಳಿಯುತ್ತೆ. ಮೊದಲ ಹೊಂಡ ತೋಡೋದಾದರೆ ಅಂಥ ಕಡೆ.

ಎರೆಮಣ್ಣಿನ ಪ್ರಶ್ನೆಯೂ ಇದೆ. ಹಸಿ ಇದ್ದಾಗ ಉಬ್ಬಿ ನೀರು ಬಿಡದ ಮಣ್ಣು, ಒಣಗಿದರೆ ಕೈ ಹೋಗೋವಷ್ಟು ಬಿರುಕು. ಒಂದು ಬೇಸಿಗೆ ಹೊಂಡ ಒಣಗಿಸಿದರೆ ಮುಂದಿನ ಕೊಳಚೆ ಬಿರುಕಿನಿಂದ ಸೀದಾ ನೆಲದೊಳಗೆ. ಅದಕ್ಕೇ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಸೊಳ್ಳೆ? ನೀರು ಜಲ್ಲಿಯ ಮೇಲ್ಮೈಗಿಂತ ಗೇಣು ಕೆಳಗಿದ್ದರೆ ಸೊಳ್ಳೆ ಮೊಟ್ಟೆ ಇಡೋಕೆ ಜಾಗ ಇಲ್ಲ. ಜಲ್ಲಿ ಕಟ್ಟಿಕೊಂಡು ನೀರು ಮೇಲೆ ಬಂದ ದಿನ ಸೊಳ್ಳೆಯೂ ಬರುತ್ತೆ. ಅಂದರೆ ಯಾರಾದರೂ ವಾರಕ್ಕೊಮ್ಮೆ ಹೋಗಿ ನೋಡಬೇಕು, ಮೊದಲ ಗುಂಡಿಯ ಕೆಸರು ತೆಗೀಬೇಕು, ಜೊಂಡು ಕೊಯ್ಯಬೇಕು. ಆ ಯಾರಾದರೂ ಯಾರು? ನಮ್ಮೂರುಗಳಲ್ಲಿ ಗಟಾರಿನ ಕೆಲಸ ಯಾರ ತಲೆಗೆ ಕಟ್ಟುತ್ತಾ ಬಂದಿದ್ದೇವೆ ಅನ್ನೋದು ನಿಮಗೂ ಗೊತ್ತು. ಪಂಚಾಯ್ತಿ ಸಂಬಳ, ಗಮ್‌ಬೂಟು, ಗ್ಲೌಸು ಕೊಟ್ಟು, ಇದು ನೌಕರಿ ಅಂತ ಕಾಗದದ ಮೇಲೆ ಬರೆಯೋವರೆಗೆ ಹೊಂಡ ತೋಡಬಾರದು ಅನ್ನೋದು ನನ್ನ ಹಟ.

ಈ ಸೀಮೆ ನೀರಿಗಾಗಿ ಜೀವ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. 1980ರ ಜುಲೈ 21, ನರಗುಂದ-ನವಲಗುಂದ. ಮಲಪ್ರಭೆ ಕಾಲುವೆಯ ಕರದ ವಿರುದ್ಧ ಎದ್ದ ರೈತರು, ಗೋಲಿಬಾರು. 2015ರಿಂದ ಮತ್ತೆ ಅದೇ ಊರುಗಳಲ್ಲಿ ಕಳಸಾ-ಬಂಡೂರಿಗೆ ಧರಣಿ. 2018ರಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿಗಳಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಬಹುದು ಅಂದಿತು. ಎಲ್ಲಾ ಘೋಷಣೆಯೂ ಎಷ್ಟು ನೀರು ಅನ್ನೋದರ ಬಗ್ಗೆ. ಅದೇ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕರ್ನಾಟಕದ 17 ಮಲಿನ ನದಿಗಳ ಪಟ್ಟಿ ಕೊಟ್ಟಿತು, ಅದರಲ್ಲಿ ಮಲಪ್ರಭೆಯೂ ಇದೆ. ಅದಕ್ಕೆ ಯಾವ ಊರಿನ ಸರ್ಕಲ್ಲಿನಲ್ಲೂ ಟೈರ್ ಸುಟ್ಟಿದ್ದು ನಾನು ನೋಡಿಲ್ಲ. ನಾನೂ ಸುಟ್ಟಿಲ್ಲ ಬಿಡ್ರಿ. ಟಿಎಂಸಿ ಅಂದರೆ ಕಣ್ಣಿಗೆ ಕಟ್ಟುತ್ತೆ, ಮಿಲಿಗ್ರಾಂ ಕಟ್ಟೋದಿಲ್ಲ.

ಒಂದು ಮಾತು ಸ್ಪಷ್ಟ ಇರಲಿ. ನಾಳೆ ಬೆಳಗ್ಗೆ ಹೊಂಡ ತೋಡಿ ಜೊಂಡು ನೆಟ್ಟರೂ ಅಕ್ಕನ ಬೋರಿನಲ್ಲಿ ಈಗಾಗಲೇ ಇಳಿದಿರೋ ನೈಟ್ರೇಟ್ ಹೋಗೋದಿಲ್ಲ. ಹೊಸದು ಇಳಿಯೋದು ಕಮ್ಮಿ ಆಗುತ್ತೆ, ಹಳೇದು ತೊಳೆದು ಹೋಗೋಕೆ ವರ್ಷಗಳು ಬೇಕು. ಅಲ್ಲಿತನಕ ಎಳೆ ಕೂಸಿಗೆ ಕ್ಯಾನಿನ ನೀರೇ. ಬೋರಿನ ನೀರು ಪರೀಕ್ಷೆ ಮಾಡಿಸಿ, ಗ್ರಾಮ ಪಂಚಾಯ್ತಿಯಲ್ಲಿ ಕಿಟ್ ಕೇಳಿ, ಅಥವಾ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಬಾಟಲಿ ಕೊಡಿ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಸಂಜೆ ಅಕ್ಕನ ಮಾವನವರ ಜೊತೆ ಹೊಳೆ ಕಡೆ ನಡೆದೆ. ಮಲಪ್ರಭೆ ಸೊರಗಿತ್ತು. ಊರಿನ ಗಟಾರು ಬಂದು ಬೀಳೋ ತಗ್ಗಿನಲ್ಲಿ, ಯಾರೂ ನೆಡದೆ, ಯಾರೂ ಲೆಕ್ಕ ಹಾಕದೆ, ಆಳೆತ್ತರ ಜೊಂಡು ಬೆಳೆದಿತ್ತು. ಮಾವನವರು ಕೈಯಲ್ಲಿದ್ದ ಕೋಲಿನಿಂದ ಅದರ ಬುಡದ ಕೆಸರು ಕೆದಕಿದರು. ಕಪ್ಪು ಕೆಸರು, ಗುಳುಗುಳು ಅಂತ ನಾಲ್ಕು ಗುಳ್ಳೆ ಮೇಲೆ ಬಂದವು.

"ಇದ ಏನು ನಿನ್ನ ಗಾಳಿ?" ಅಂದರು.

"ಎಲ್ಲಾ ಅದ ಅಲ್ರಿ ಮಾವಾರ, ಒಂದಿಷ್ಟು ಗಟಾರಿನ ಬ್ಯಾರೆ ಗ್ಯಾಸೂ ಇರತೈತಿ. ಆದ್ರ ಹೌದ್ರಿ, ಅದರಾಗ ಅದೂ ಐತಿ" ಅಂದೆ.

ಅವರು ಇನ್ನೊಮ್ಮೆ ಕೋಲು ಹಾಕಿದರು.